ನನ್ನ ಕಾಲಿನ ನಲವತ್ತು

ನನ್ನ ಗಂಡ ವರ್ನನ್ ತೀರಿಕೊಂಡ ಮೇಲೆ ಬಂದ ಮೊದಲ ವಸಂತ. ಕಾಡು ಟರ್ಕಿ ಕೋಳಿಗಳ ಬೇಟೆ ಶುರುವಾಗಲು ಒಂಬತ್ತು ದಿನ ಉಳಿದಿತ್ತು. ನಮ್ಮ ಓಝಾರ್ಕ್ ಗುಡ್ಡದಲ್ಲಿ ಮೂವತ್ತೊಂದು ವರ್ಷ ಗಂಡ ಹೆಂಡತಿ ಒಂದೇ ಓಕ್ ಮರಕ್ಕೆ ಒರಗಿ ಕೂತವರು ನಾವು. ಹೆಣ್ಣು ಹಕ್ಕಿಯಂತೆ ಕೂಗಿ ಗಂಡನ್ನು ಕರೆಯುವವನು ಅವನು, ಹೊಡೆಯುವವಳು ನಾನು. ಈಗ ಎರಡೂ ನನ್ನದೇ.

ಪಕ್ಕದ ಜಮೀನಿನ ಡೆಲ್ಬರ್ಟನಿಗೆ ಇದು ಒಪ್ಪಿಗೆಯಿಲ್ಲ.

"ದೂರ ತಿಳೀದೆ ಹೊಡ್ದು ಗಾಯ ಮಾಡಿ ಬಿಟ್ರೆ ಹಕ್ಕಿ ಪೊದೇಲಿ ನರಳಿ ಸಾಯತ್ತೆ ಐಲೀನಕ್ಕ."

ಮಾತು ನ್ಯಾಯವಾದದ್ದೇ. ಹಾಗಾಗಿ ಒಪ್ಪಂದ ಮಾಡಿಕೊಂಡೆವು: ನಲವತ್ತು ಗಜದಿಂದ ಹೊಡೆದಾಗ ತೋಟಾದೊಳಗಿನ ಸೀಸದ ಗುಂಡುಗಳಲ್ಲಿ ಹತ್ತು ಚರೆಯಾದರೂ ಕಾಗದದ ಹಕ್ಕಿಯ ತಲೆ, ಕುತ್ತಿಗೆಗೆ ಬಿದ್ದರೆ ನಾನು ಕಾಡಿಗೆ, ಇಲ್ಲವಾದರೆ ಈ ವರ್ಷ ಕೋವಿ ಅವನ ಮನೆಗೆ.

ಮಾಂಸ ಸುತ್ತುವ ಕಾಗದದ ಮೇಲೆ ತಲೆ, ಕುತ್ತಿಗೆ ಬರೆದು ರಟ್ಟಿನ ಪೆಟ್ಟಿಗೆಗೆ ಅಂಟಿಸಿದೆ. ನಲವತ್ತು ಹೆಜ್ಜೆ ಎಣಿಸಿ ನಿಂತೆ. ಹಳೇ ತೋಟಾದಲ್ಲಿ ಹೊಡೆದಾಗ ಬಿದ್ದದ್ದು ಆರೇ ಚರೆ. ಹೊಸ ತೋಟಾದಲ್ಲಿ ಹದಿನಾಲ್ಕು!

"ನೋಡ್ಕೊಳ್ಳೋ!"

ಡೆಲ್ಬರ್ಟ್ ಟೇಪು ಹಿಡಿದು ಅಳೆದ. "ಇದು ಇಪ್ಪತ್ತೊಂಬತ್ತು ಗಜ ಕಣಕ್ಕ. ವರ್ನನಣ್ಣನ ಕಾಲೇನು, ನಿನ್ನ ಕಾಲೇನು! ಕೊಕ್ಕರೆ ಹೆಜ್ಜೇನ ಕೋಳಿ ಹಾಕಕ್ಕಾಗತ್ತಾ?"

ಪ್ರತಿ ವರ್ಷ ಹೆಜ್ಜೆ ಎಣಿಸುತ್ತಿದ್ದವನು ವರ್ನನ್. ನನಗೆ ಎಣಿಸುವ ಪ್ರಸಂಗವೇ ಬಂದಿರಲಿಲ್ಲ.

ಸರಿಯಾದ ನಲವತ್ತರಿಂದ ಮತ್ತೆ ಹೊಡೆದೆ. ನಾಲ್ಕು.

"ಕೊಡು ಕೋವಿ."

"ಕೊಡಲ್ಲ."

"ಮಾತಿಗೆ ತಪ್ತೀಯಾ?"

"ಹೂಂ, ತಪ್ತೀನಿ. ಇಪ್ಪತ್ತೊಂಬತ್ತಕ್ಕೆ ಹದಿನಾಲ್ಕು ಬಿತ್ತಲ್ಲ, ಅಷ್ಟು ಹತ್ರ ಬರೋವರ್ಗೂ ಕಾಯ್ತೀನಿ. ಬರದಿದ್ರೆ ಹೊಡೆಯಲ್ಲ."

"ಬಾಲ ಬಿಚ್ಕೊಂಡು ಎದುರಿಗೆ ನಿಂತಾಗ ಹೇಳು ಆ ಮಾತು," ಎಂದು ಬರಿಗೈಯಲ್ಲೇ ಹೊರಟುಹೋದ.

ಬೇಟೆಯ ಮೊದಲ ದಿನ ಬೆಳಕು ಹರಿಯುವ ಮುಂಚೆ ನಮ್ಮ ಓಕ್ ಮರದಿಂದ ಟೇಪಿನಲ್ಲಿ ಅಳೆದು ಇಪ್ಪತ್ತೊಂಬತ್ತು ಗಜಕ್ಕೆ ಒಂದು ಕೋಲು ನೆಟ್ಟು, ಮರಕ್ಕೆ ಒರಗಿದೆ. ನನ್ನ ಕೂಗು ಎರಡು ಸಲ ಒಡೆಯಿತು. ಆದರೂ ಬಂತು, ಕೆಂಪು ಕುತ್ತಿಗೆಯ ಭಾರೀ ಗಂಡು. ಕೋಲಿನಿಂದ ಆರೇಳು ಗಜ ಆಚೆ ಬಾಲ ಬಿಚ್ಚಿ ನಿಂತಿತು. ಹೆಣ್ಣೆಲ್ಲಿ ಎಂದು ಹುಡುಕಿತು. ನನ್ನ ಬೆರಳು ಕೋವಿಯ ಕುದುರೆಯ ಮೇಲೆ ಮರಗಟ್ಟಿತು. ಮುಂದೆ ಬಾ, ಇನ್ನೊಂಚೂರು ಬಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಬರಲಿಲ್ಲ. ಬಾಲ ಮಡಚಿ, ಬಂದ ದಾರಿಯಲ್ಲೇ ಕಣಿವೆಗೆ ಇಳಿಯಿತು.

ಕೋವಿ ಇಳಿಸಿ, "ನೋಡಿದ್ಯಾ, ಹೊಡೀಲಿಲ್ಲ ನಾನು," ಎಂದು ವರ್ನನ್ ಕೂರುತ್ತಿದ್ದ ಪಕ್ಕಕ್ಕೆ ತಿರುಗಿದೆ.

ಎರಡು ಬೆನ್ನಿಗಾಗುವಷ್ಟು ಅಗಲ ಆ ಮರ. ಮತ್ತೆ ಹಕ್ಕಿಯನ್ನು ಕರೆಯತೊಡಗಿದೆ.