ಒತ್ತಿದರೆ ನೋಯುವ ಜಾಗ

ಒತ್ತಿದರೆ ನೋಯುತ್ತಿತ್ತು. ಕನ್ನಡಿಯ ಮುಂದೆ ಅಂಗಿ ಜಾರಿಸಿ, ಎಡ ಹೆಗಲನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದ. ಹೌದು, ಇದೆ.

ನಿನ್ನೆ ಅಪ್ಪನನ್ನು ಹೊತ್ತ ನಾಲ್ವರಲ್ಲಿ ಅವನೇ ಎತ್ತರ. ಭಾರವೆಲ್ಲ ಎತ್ತರದವನ ಕಡೆಗೇ ಬರುತ್ತದೆಂದು ಭೌತಶಾಸ್ತ್ರದ ಮೇಷ್ಟ್ರಾದ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಟ್ಟದ ಮರದ ಅಂಚು ಒತ್ತಿದಲ್ಲಿ ಚರ್ಮ ಕೆಂಪಾಗಿ, ನಡುವೆ ನೀಲಿಗಟ್ಟಿತ್ತು.

ಹೆಂಡತಿ ಮುಲಾಮು ಹಿಡಿದು ಬಂದಳು.

"ಇನ್ನೂ ಹಸಿಯಾಗೇ ಇದೆ ನೋಡಿ. ಹಚ್ಚಿದ್ರೆ ಸಂಜೆಗೆ ಹೋಗುತ್ತೆ."

"ಅದಕ್ಕೇ ಬೇಡ."

ಅಂದದ್ದು ತನಗೇ ವಿಚಿತ್ರವೆನಿಸಿ, ಅಂಗಿಗೆ ಕಲೆಯಾಗುತ್ತೆ ಎಂದು ಸೇರಿಸಿದ.

ಅವನು ಅತ್ತಿರಲಿಲ್ಲ. ತಂಗಿ ಬಿದ್ದು ಬಿದ್ದು ಅತ್ತಿದ್ದಳು. ಕಾಯಿಲೆಯ ಕಾಲದಲ್ಲಿ ಇತ್ತ ತಲೆ ಹಾಕದ ಚಿಕ್ಕಪ್ಪನೂ ಅತ್ತಿದ್ದ. ಅಪ್ಪ ಇದ್ದದ್ದು ಇವನ ಮನೆಯಲ್ಲೇ, ಪಕ್ಕದ ಕೋಣೆಯಲ್ಲೇ. ಬಾಗಿಲಲ್ಲಿ ನಿಂತು ಊಟ ಆಯ್ತಾ ಎಂದು ಕೇಳುವುದು, ಉತ್ತರ ಬರುವ ಮೊದಲೇ ಹೊರಟುಬಿಡುವುದು. ಅವರಿಬ್ಬರ ಮಾತು ಅಷ್ಟಕ್ಕೆ ಬಂದು ನಿಂತಿತ್ತು. ಈಗ ಒಳಗೆಲ್ಲ ತಡಕಾಡಿದರೂ ಅಪ್ಪ ಸತ್ತದ್ದಕ್ಕೆ ಗುರುತಾಗಿ ಸಿಕ್ಕಿದ್ದು ಅಂಗೈಯಗಲದ ಈ ಜಾಗ ಮಾತ್ರ.

ಕಾಲೇಜಿನಲ್ಲಿ, ರಜೆ ಹಾಕಬಹುದಿತ್ತಲ್ಲ ಎಂದು ಒಬ್ಬಿಬ್ಬರು ಗೊಣಗಿದರು. ರಸಾಯನಶಾಸ್ತ್ರದವನು ಎದ್ದು ಬಂದು ಸರಿಯಾಗಿ ಅಲ್ಲೇ ಕೈಯಿಟ್ಟು ಅದುಮಿದ.

"ನಿಮ್ಮ ನೋವು ನಮಗೂ ಅರ್ಥ ಆಗುತ್ತೆ ಸರ್."

ಇವನ ಕಣ್ಣಲ್ಲಿ ನೀರು ತುಂಬಿತು. ಎಲ್ಲರೂ ಮರ್ಯಾದೆಯಿಂದ ಬೇರೆಲ್ಲೋ ನೋಡಿದರು. ಆ ನೋವಲ್ಲ ಇದು, ನಿಮ್ಮ ಹೆಬ್ಬೆರಳು ಎನ್ನಬೇಕೆಂದುಕೊಂಡ. ಕಣ್ಣೀರಿಗೆ ಎರಡು ನೋವುಗಳ ವ್ಯತ್ಯಾಸ ತಿಳಿಯುವುದಿಲ್ಲ ಅನ್ನಿಸಿ ಹೆದರಿಕೆಯಾಯಿತು.

ಪಾಠದ ನಡುವೆ ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಒತ್ತಿ ನೋಡಿಕೊಂಡ. ಮಧ್ಯಾಹ್ನದ ಹೊತ್ತಿಗೆ ಬೆರಳು ಸಾಲದಾಯಿತು, ಗೆಣ್ಣು ಊರಬೇಕಾಯಿತು. ಸಂಜೆ ಬಸ್ಸಿನಲ್ಲಿ ಬೇಕೆಂದೇ ಕಂಬಿಗೆ ಹೆಗಲು ತಿಕ್ಕಿದ. ಎಷ್ಟೋ ದೂರದಲ್ಲಿ ಯಾರೋ ಕರೆದಂತೆ ನೋವು ಒಮ್ಮೆ ಮಿಡಿದು ಸುಮ್ಮನಾಯಿತು.

ಮನೆಯಲ್ಲಿ ಅಪ್ಪನ ಕೋಣೆಯ ಕಿಟಕಿಗಳು ತೆರೆದಿದ್ದವು. ಹೆಂಡತಿ ನೆಲ ತೊಳೆಯುತ್ತಿದ್ದಳು. ಹಾಸಿಗೆ ತಾರಸಿಗೆ ಹಾಕಿಬಿಡಿ, ಬೆಳಿಗ್ಗೆ ಬಿಸಿಲು ಬೀಳುತ್ತೆ ಎಂದಳು.

ಸುತ್ತತೊಡಗಿದ. ನಡುವೆ ಮೈಯ ಉದ್ದಕ್ಕೂ ತಗ್ಗು ಬಿದ್ದಿತ್ತು. ಅಲ್ಲಿಗೆ ಬಂದು ಸುರುಳಿ ನಿಂತಿತು, ಒಳಗೆ ಯಾರೋ ಮಗ್ಗುಲು ಬದಲಿಸಲು ಒಲ್ಲೆನೆಂದಂತೆ. ಮೊಣಕಾಲು ಊರಿ ಹೇಗೋ ಸುತ್ತಿದ. ಎಡ ಹೆಗಲಿಗೇ ಏರಿಸಿದ. ಹತ್ತಿಯ ಹಾಸಿಗೆ ಹಗುರವಾಗಿತ್ತು. ನೋಯಲಿಲ್ಲ.

ಮೆಟ್ಟಿಲು ಅರ್ಧ ಹತ್ತಿದಾಗ ಮೇಲಿನ ಬಾಡಿಗೆಯವರು ಇಳಿದು ಬರುತ್ತಿದ್ದರು. ಇವನನ್ನು ಕಂಡು ಗೋಡೆಗೆ ಒತ್ತಿ ನಿಂತು ತಲೆ ತಗ್ಗಿಸಿದರು. ಅವನು ದಾಟಿ ಹೋಗಬಹುದಿತ್ತು. ಕಾಲು ಏಳಲಿಲ್ಲ.

"ಒಬ್ಬರೇ ಹೊತ್ತಿದ್ದೀರಲ್ಲ," ಎಂದರು ಅವರು ಮೆಲ್ಲಗೆ. "ಹೆಗಲು ಕೊಡ್ಲಾ?"

ಅವನ ಬೆನ್ನ ಹಿಂದೆ ಹಾಸಿಗೆಯ ಸುರುಳಿ ಸಡಿಲಗೊಂಡು, ಮೆಟ್ಟಿಲಿಂದ ಮೆಟ್ಟಿಲಿಗೆ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತ ಕೆಳಗೆ, ಕೋಣೆಯ ಕಡೆಗೆ ಇಳಿಯತೊಡಗಿತ್ತು.