ಹಡಗಿನಲ್ಲಿದ್ದ ಇಬ್ಬರು

"ಸಂದೇಶನ ವರ್ಷಾಂತಿಕಕ್ಕೆ ಮೊದಲು ಹೋಟೆಲಿನ ಆ ಹಡಗಿನ ಚಿತ್ರ ಕ್ಲೀನ್ ಮಾಡಿಸಿ ಮನೆಗೆ ತರುವ, ಆಗದಾ ಮಗಾ?" ಎಂದು ಮಾವ ಪ್ರೇಮನಾಥ ಕೇಳಿದಾಗ ಶ್ರೀಪ್ರಿಯಾ ತಲೆಯಾಡಿಸಿದ್ದಳು. ಆ ವರ್ಷ ಯಾರು ಏನು ಕೇಳಿದರೂ ಅವಳು ತಲೆಯಾಡಿಸುತ್ತಿದ್ದಳು. ಗಂಡ ಸಂದೇಶ ಮನೆಯ ಹತ್ತಿರದ ಡೊಂಬಿವಲಿಯಲ್ಲಿ ಹತ್ತಿದ ಲೋಕಲ್ ರೈಲಿನಿಂದ ಬಿದ್ದು ತೀರಿಕೊಂಡ ಮೇಲೆ ಬೇಕು, ಬೇಡ ಎರಡೂ ಅವಳಿಗೆ ಒಂದೇ ಆಗಿತ್ತು.

ಥಾಣೆಯ ವಾಗ್ಳೆ ಎಸ್ಟೇಟಿನ ಅವರ ಹೋಟೆಲಿನಲ್ಲಿ ಗಲ್ಲಾದ ಮೇಲೆ ತೂಗುತ್ತಿದ್ದ ಹಳೆಯ ತೈಲಚಿತ್ರ ಅದು. ಮುಚ್ಚಿಹೋದ ಕಾರ್ಖಾನೆಯೊಂದರ ಪಾರ್ಸಿ ಸಾಹೇಬರು ಮಾವನಿಗೆ ಕೊಟ್ಟುಹೋಗಿದ್ದರು. ನೂರು ವರ್ಷಕ್ಕೂ ಹಿಂದಿನ ಯುದ್ಧದ ಹಡಗು; ಮೂರು ಕೂವೆಮರ, ಗಾಳಿ ತುಂಬಿದ ಹಾಯಿಗಳು, ಪಕ್ಕದಲ್ಲಿ ಸಾಲಾಗಿ ತೋಪಿನ ಕಿಂಡಿಗಳು. ಮದುವೆಯಾದ ಹೊಸತರಲ್ಲಿ ಅವಳು, "ಇಷ್ಟು ದೊಡ್ಡ ಹಡಗು, ಒಬ್ಬ ಮನುಷ್ಯನೂ ಇಲ್ಲವಲ್ಲ!" ಎಂದು ನಕ್ಕಿದ್ದಳು. ಮರುದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಸಂದೇಶ ಸ್ಟೂಲು ಹತ್ತಿ ಹಡಗಿನ ಹಿಂಭಾಗದ ಕಟಕಟೆಗೆ ಒರಗಿಸಿ ಅಕ್ಕಿಕಾಳಿನಷ್ಟು ಚಿಕ್ಕ ಇಬ್ಬರನ್ನು ಬರೆದಿದ್ದ. ಒಬ್ಬಳಿಗೆ ಸೀರೆ ಉಡಿಸಿದ್ದ.

"ನೋಡು, ಟಿಕೆಟ್ ಇಲ್ಲದೆ ಹತ್ತಿಸಿದ್ದೇನೆ. ಅಪ್ಪನಿಗೆ ಹೇಳ್ಬೇಡ ಮಾರಾಯ್ತಿ, ಇಬ್ಬರನ್ನೂ ಇಳಿಸಿಯಾರು."

ದೋಸೆ ಕಾವಲಿಯ ಹೊಗೆ ಬೇಗನೆ ಇಬ್ಬರನ್ನೂ ಮರೆಮಾಡಿತು.

ತಲೆಯಾಡಿಸಿದ ಮೂರನೆಯ ದಿನ, ಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಾಗ ಅವಳಿಗೆ ಆ ಇಬ್ಬರು ನೆನಪಾದರು. ಚಿತ್ರ ಆಗಲೇ ವರ್ತಕ ನಗರದಲ್ಲಿ ಮುರಾರಿಯ ಫ್ರೇಮಿನ ಅಂಗಡಿ ಸೇರಿತ್ತು. ಮಾವ ಫೋನೆತ್ತಲಿಲ್ಲ. ಚಾಕು ಅಲ್ಲೇ ಬಿಟ್ಟು ಹೊರಟಳು. ವರ್ಷದಿಂದ ಕಾಲಿಡದ ಡೊಂಬಿವಲಿ ಸ್ಟೇಷನ್ನಿನಲ್ಲಿ ಬಂದ ಮೊದಲ ಲೋಕಲ್ ಹತ್ತಿದಳು. ಥಾಣೆ ಬರುವವರೆಗೂ ಬಾಗಿಲ ಕಡೆ ನೋಡಲಿಲ್ಲ.

ಮಾವ ಅಂಗಡಿಯಲ್ಲೇ ಚಹಾ ಕುಡಿಯುತ್ತ ಕುಳಿತಿದ್ದರು. "ಓ, ನೀನೇ ಬಂದ್ಯಾ! ನೋಡು ಮಗಾ, ಎಂಥಾ ಚಂದದ ಸಮುದ್ರ ಇತ್ತು ಇದರೊಳಗೆ."

ನಿಜಕ್ಕೂ ಚಂದವಿತ್ತು. ಹಾಯಿ ಬೆಳ್ಳಗಾಗಿತ್ತು, ನೀರು ಹಸಿರಾಗಿತ್ತು. ಕಟಕಟೆಯ ಬಳಿ ಯಾರೂ ಇರಲಿಲ್ಲ.

"ಇಲ್ಲಿ ಇಬ್ಬರಿದ್ದರಲ್ಲ?"

ಮುರಾರಿ ನಕ್ಕ. "ಹೌದ್ರೀ ಅಕ್ಕಾರ, ಯಾರೋ ಹುಡುಗೂರು ಗೀಚಿದ್ರು. ಯುದ್ಧದ ಹಡಗಿನ್ಯಾಗ ಸೀರಿ ಉಟ್ಟಾಕಿ! ಮ್ಯಾಲಿನ ಬಣ್ಣ ನೋಡ್ರಿ, ಹತ್ತಿ ತಾಗಿಸಿದ ಕೂಡ್ಲೇ ಬಿಟ್ಟು ಬಂತು."

"ಅದು ನಿಮ್ಮ ಮಗ ಬರೆದದ್ದು ಮಾವ," ಎಂದಳು ಶ್ರೀಪ್ರಿಯಾ. "ಆ ಇಬ್ಬರು ಅವರು, ನಾನು."

ಮುರಾರಿಯ ನಗು ನಿಂತಿತು. ಮಾವ ಲೋಟ ಕೆಳಗಿಟ್ಟರು.

"ನಾನು ನಿನ್ನತ್ರ ಕೇಳಿದ್ದೆನಲ್ಲ ಮಗಾ."

"ಕೇಳಿದ್ದಿರಿ."

ಮೇಜಿನ ಕೆಳಗೆ ಬಳಸಿ ಬಿಸಾಡಿದ ಹತ್ತಿಯುಂಡೆಗಳ ಬಕೆಟ್ಟಿತ್ತು. ಮಗ ಸತ್ತ ದಿನವೂ ಆಸ್ಪತ್ರೆಯ ಕಾಗದಗಳಿಗೆ ನಿಂತೇ ಸಹಿ ಹಾಕಿದ್ದ ಮನುಷ್ಯ ಈಗ ನೆಲದ ಮೇಲೆ ಕುಳಿತು, ಒಂದೊಂದೇ ಉಂಡೆಯನ್ನು ಬಿಡಿಸಿ ಬೆಳಕಿಗೆ ಹಿಡಿಯತೊಡಗಿದರು. ಎಲ್ಲವೂ ಕಂದು. ಬೆರಳುಗಳೂ ಕಂದಾದವು.

"ಬಿಡಿ ಮಾವ," ಎಂದಳು.

ಅವರು ಬಿಡಲಿಲ್ಲ. "ಸೀರೆಗೆ ಯಾವ ಬಣ್ಣ ಹಾಕಿದ್ದ?" ಎಂದು ತಲೆಯೆತ್ತದೆ ಕೇಳಿದರು. "ಹೇಳು, ಹುಡುಕುವ."

ಅವಳು ಯೋಚಿಸಿದಳು. ಎಷ್ಟು ಯೋಚಿಸಿದರೂ ಅದು ಅವಳಿಗೆ ನೆನಪಾಗಲಿಲ್ಲ.