ಮಗಳ ಸ್ವರ

ಮಗಳ ಬಗ್ಗೆ ಪ್ರಭಾವತಿಯ ಎದುರು ಯಾರಾದರೂ ಮೂಗು ಮುರಿದರೆ, ತಲ್ಲೂರಿನಲ್ಲಿರುವ ಅವಳ ಗಂಡ ಭೋಜರಾಜನ ಹೋಟೆಲಿನಲ್ಲಿ ಅವರಿಗೆ ಚಾ ಸಿಗುವುದು ಕಷ್ಟ. ಆ ಹೋಟೆಲಿನ ಗೋಡೆಯಲ್ಲಿ ದೇವರ ಪಟಗಳಿಗಿಂತ ನಟಿಯಾದ ಮಗಳು ತೃಷಾಳ ಸಿನಿಮಾಗಳ ವಿಮರ್ಶೆಗಳೇ ಹೆಚ್ಚು. ಮೊದಲ ಸಿನಿಮಾದಲ್ಲಿ ನಾಯಕಿಯ ಗೆಳತಿಯಾಗಿ ಹೀಗೆ ಬಂದು ಹಾಗೆ ಹೋದಾಗ ಪತ್ರಿಕೆಯವರು ಬರೆದದ್ದು ಒಂದೇ ಸಾಲು: “ತೃಷಾ ಗಮನ ಸೆಳೆಯುತ್ತಾರೆ.” ಆ ಒಂದು ಸಾಲಿಗೂ ಭೋಜರಾಜ ಫ್ರೇಮು ಹಾಕಿಸಿದ್ದ.

ಆಮೇಲೆ ಅವಳು ನಾಯಕಿಯಾದಳು, ಹೊಗಳಿಕೆ ಹರಿದುಬಂತು. ಪ್ರಭಾವತಿಗೆ ಮಾತ್ರ ಹೊರಗೆ ಹೇಳಲಾಗದ ಒಂದು ಸಂಕಟ. ಪರದೆಯ ಮೇಲೆ ಬಾಯಿ ಆಡಿಸುವವಳು ಮಗಳು, ಕೇಳುವ ದನಿ ಬೆಂಗಳೂರಿನ ಡಬ್ಬಿಂಗ್ ಕಲಾವಿದೆಯದು. “ನಿಮ್ಮ ಮಾತಿನಲ್ಲಿ ಕುಂದಾಪುರ ಇಣುಕುತ್ತದೆ” ಎನ್ನುತ್ತ ಒಬ್ಬೊಬ್ಬ ನಿರ್ಮಾಪಕನೂ ಬೇರೆಯವರ ದನಿ ಹಾಕಿಸುತ್ತಿದ್ದ. ಸಾಲದ್ದಕ್ಕೆ ವಿಮರ್ಶಕರೊಬ್ಬರು, “ಸಂಭಾಷಣೆ ಹೇಳುವುದರಲ್ಲಿ ತೃಷಾಗೆ ತೃಷಾಳೇ ಸಾಟಿ” ಎಂದು ಬರೆದರು. ಭೋಜರಾಜ ಅದನ್ನು ಗಲ್ಲಾಪೆಟ್ಟಿಗೆಯ ಮೇಲೆಯೇ ತೂಗುಹಾಕಿದ. ಊರಿಗೆ ಬಂದ ತೃಷಾ ಸ್ಟೂಲು ಹತ್ತಿ ಇಳಿಸಿದಳು.

“ಅಪ್ಪಯ್ಯ, ಇದ್ ನನ್ನ ಹೊಗ್ಳಿದ್ದಲ್ಲ. ನಂಗೆ ಸ್ವರ ಕೊಟ್ಟವ್ಳಿಗೆ ಸಲ್ಲೂದ್.”

ಗಂಡ ಪೆಚ್ಚಾದ. ಪ್ರಭಾವತಿಗೆ ಎದೆಯುಬ್ಬಿತು. ಬಿಟ್ಟಿ ಹೊಗಳಿಕೆಯನ್ನು ಕಣ್ಣುಮುಚ್ಚಿ ನುಂಗುವವರೇ ತುಂಬಿದ ಲೋಕದಲ್ಲಿ ಇವಳೊಬ್ಬಳು ಬೇಡ ಎನ್ನುತ್ತಾಳಲ್ಲ!

ಮುಂದೆ ಸಿಕ್ಕಿದ್ದು ಬೈಂದೂರು ಕಡೆಯ ಮೀನು ಮಾರುವ ಹೆಂಗಸಿನ ಪಾತ್ರ. ಸ್ವಂತ ದನಿಯಾದರೆ ಮಾತ್ರ ಮಾಡುತ್ತೇನೆಂದು ತೃಷಾ ಹಟ ಹಿಡಿದು ಗೆದ್ದಳು. ಸಿನಿಮಾ ಬಿಡುಗಡೆಯಾದದ್ದೇ ತಡ, ಬೆಂಗಳೂರಿನ ವಿಮರ್ಶಕರು ಮುಗಿಬಿದ್ದರು. “ನಟನೆ ಸೊಗಸು, ದನಿ ಒರಟು” ಎಂದರು ಒಬ್ಬರು. “ಡಬ್ಬಿಂಗ್ ಕಲಾವಿದೆಯ ಬೆಲೆ ಈಗ ಗೊತ್ತಾಯಿತು” ಎಂದು ಇನ್ನೊಬ್ಬರು ಕುಟುಕಿದರು. ಅದರ ಬೆನ್ನಿಗೇ, ಊರಿಗೆ ಬಂದಿದ್ದ ಅವಳಿಗೆ ಒಂದು ದೊಡ್ಡ ಸಿನಿಮಾದ ನಿರ್ಮಾಪಕರ ಫೋನು ಬಂತು. ಪಾತ್ರ ನಿಮ್ಮದೇ, ದನಿ ಬೇರೆಯವರದು, ಸಂಜೆಯೊಳಗೆ ಉತ್ತರ ಕೊಡಿ ಎಂದರು.

“ಒಪ್ಕಂತೆ ಅಮ್ಮ,” ಎಂದಳು ತೃಷಾ ಸೋತ ಮುಖದಲ್ಲಿ. “ಅಷ್ಟ್ ಜನ ಬರ್ದಿರ್ ಅಂದ್ರೆ ನನ್ನ ಸ್ವರವೇ ಸಮ ಇಲ್ಲ ಕಾಣ್.”

ಮಗಳು ಹೀಗೆ ಸೋತು ಮಾತಾಡಿದ್ದನ್ನು ಪ್ರಭಾವತಿ ಕೇಳಿದ್ದೇ ಇಲ್ಲ.

“ನಾನಿನ್ನೂ ಪಿಕ್ಚರ್ ಕಾಣ್ಲಿಲ್ಲ ಮಾರಾಯ್ತಿ. ಮೊದ್ಲ್ ನಡಿ, ಹೋಪ. ಆಮೇಲೆ ಒಪ್ಕೊ,” ಎಂದು ಮಗಳನ್ನು ಕುಂದಾಪುರದ ಟಾಕೀಸಿಗೆ ಹೊರಡಿಸಿದಳು.

ಮಧ್ಯಾಹ್ನದ ಆಟಕ್ಕೂ ಜನ ತುಂಬಿತ್ತು. ಕೋಟ, ಹಟ್ಟಿಯಂಗಡಿಯಿಂದೆಲ್ಲ ಹೆಂಗಸರು ಬಂದಿದ್ದರು. ಎದುರಿನ ಸಾಲಿನಲ್ಲೇ ನೆರೆಮನೆಯ ರಾಜೀವಿ. ತೃಷಾ ಮಾಸ್ಕ್ ಹಾಕಿಕೊಂಡು ಅಮ್ಮನ ಪಕ್ಕ ಮುದುಡಿ ಕುಳಿತಳು. ಪರದೆಯ ಮೇಲೆ ಅವಳು ಬಿಸಿಲಲ್ಲಿ ಮೀನು ಮಾರಿ ಬಂದಳು, ಬುಟ್ಟಿಯನ್ನು ಅಂಗಳದಲ್ಲಿ ಕುಕ್ಕಿದಳು, ಜಗುಲಿಯ ಮೇಲೆ ಕುಸಿದು ಕೂಗಿದಳು:

“ಅಮ್ಮಾ, ಕುಡೂಕೆ ಒಂಚೂರ್ ನೀರ್ ತಾ!”

“ಓ, ನೀರ್ ತಂದೆ ಮಗಾ!” ಎಂದು ಗಟ್ಟಿಯಾಗಿ ಓಗೊಟ್ಟ ಪ್ರಭಾವತಿ ಸೀಟಿನಿಂದ ಎದ್ದೇಬಿಟ್ಟಳು.

ಟಾಕೀಸಿಗೆ ಟಾಕೀಸೇ ಇತ್ತ ತಿರುಗಿತು.

“ಎಂತ ಆಯ್ತ್ ಪ್ರಭಾವತಕ್ಕ?” ಎಂದು ರಾಜೀವಿ ಗಾಬರಿಯಾದಳು.

ಬೇರೆಯವರಾದರೆ ನಾಚಿ ಕೂತುಬಿಡುತ್ತಿದ್ದರು. ಪ್ರಭಾವತಿ ಸೆರಗು ಸರಿಮಾಡಿಕೊಂಡು, ಇಡೀ ಟಾಕೀಸಿಗೆ ಕೇಳುವಂತೆ ಹೇಳಿದಳು: “ಎಂತ ಆಪುದ್? ಇಷ್ಟ್ ದಿನ ಪಿಕ್ಚರಗೆ ಅಮ್ಮಾ ಅಂದ್ ಕರ್ದವ್ರ್ ಯಾರೋ ಏನೋ. ಇವತ್ತ್ ನನ್ನ ಮಗಳೇ ಕರ್ದಳ್. ಓ ಅನ್ದೆ ಇಪ್ಪುದ್ ಹ್ಯಾಂಗೆ?”

ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು, ಕೋಟದ ಹೆಂಗಸರು ಚಪ್ಪಾಳೆ ತಟ್ಟಿದರು. ತೃಷಾ ನಗುತ್ತ ಅಳುತ್ತ ಅಮ್ಮನ ಕೈಹಿಡಿದು ಕೂರಿಸಿದಳು. ಮಾಸ್ಕ್ ಒದ್ದೆಯಾಗಿತ್ತು, ಕಿತ್ತು ಬ್ಯಾಗಿಗೆ ತುರುಕಿದಳು.

ಇಂಟರ್ವಲ್ಲಿನಲ್ಲಿ ಜನರ ನಡುವೆಯೇ ನಿಂತು ನಿರ್ಮಾಪಕರಿಗೆ ಫೋನು ಹಚ್ಚಿದಳು. ಸಿನಿಮಾದವರೊಡನೆ ಇಷ್ಟು ವರ್ಷ ಆಡುತ್ತಿದ್ದ ಬೆಂಗಳೂರಿನ ನಯವಾದ ಕನ್ನಡವನ್ನು ಬದಿಗಿಟ್ಟು, ಒಂದೇ ಉಸಿರಿಗೆ ಅಂದಳು:

“ಹ್ವಾಯ್ ಸಾರ್, ನಾನ್ ಬಪ್ಪುದಾದ್ರೆ ನನ್ನ ಸ್ವರವೂ ಒಟ್ಟಿಗೇ ಬತ್ತ್. ಬ್ಯಾಡದಿದ್ರೆ ಬೇರೆಯವ್ರನ್ನ ಕಾಣಿ.”